‘ಏನೂ ಬೆಳೆದಿಲ್ಲ’ ಅಂದರೆ ಹಕ್ಕಿಗೆ ಏನೂ ಆಗಿಲ್ಲ ಅಂತಲ್ಲ

ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ‘ಅಮ್ಮನಿಗೂ ವಾರದಿಂದ ಜ್ವರ, ತಲೆನೋವು, ಒಣಕೆಮ್ಮು, ಆ ಓಡಾಟದಲ್ಲಿ ಪತ್ರ ಬರೆಯೋದು ತಡವಾಯ್ತು’ ಅಂತ ಬರೆದಿದ್ದೀರಿ. ತಡವಾದದ್ದಕ್ಕೆ ಕಾರಣ ಅಂತಷ್ಟೇ ಅದನ್ನು ಹೇಳಿದ್ದೀರಿ. ಆದರೆ ಇಡೀ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಸಾಲೇ. ಅಮ್ಮನನ್ನು ನೋಡುವ ಡಾಕ್ಟರಿಗೆ ‘ಮನೆಯಲ್ಲಿ ಹಕ್ಕಿ ಇದೆ, ಅದಕ್ಕೂ ಹುಷಾರಿಲ್ಲ’ ಅಂತ ಹೇಳಲೇಬೇಕು. ಇದನ್ನು ನಿಮಗೆ ಫೋನಿನಲ್ಲಿ ಆಗಲೇ ತಿಳಿಸಿದ್ದೇವೆ. ಇಲ್ಲಿ ಮತ್ತೆ ಬರೆಯುತ್ತಿರುವುದು, ಹಕ್ಕಿ ಸಾಕುವ ಉಳಿದ ಓದುಗರಿಗೂ ಇದು ಗೊತ್ತಿರಲಿ ಅಂತ.

ಅವರಿಗಾಗಿ ಪತ್ರದ ಉಳಿದ ವಿಷಯವನ್ನೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇವರದು ಒಂದು ಕಾಕಟೀಲ್, ಅಂದರೆ ಗಿಳಿ ಜಾತಿಯ ಪುಟ್ಟ ಹಕ್ಕಿ, ಹೆಸರು ಚಿನ್ನು. ಕೆಲವು ವಾರದ ಹಿಂದೆ ಅದು ಗರಿ ಉಬ್ಬಿಸಿಕೊಂಡು ಮಂಕಾಗಿ ಕೂರಲು ಶುರು ಮಾಡಿತು, ಹಿಕ್ಕೆ ನೀರುನೀರಾಗಿ ಹಸಿರಾಯಿತು. ಹಕ್ಕಿ ಮಾರುವ ಅಂಗಡಿಯವರು ಕೊಟ್ಟ ಆ್ಯಂಟಿಬಯಾಟಿಕ್ ಪುಡಿಯನ್ನು ಕುಡಿಯುವ ನೀರಿಗೆ ಬೆರೆಸಿ ಕೊಟ್ಟರು. ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡಿತು, ಮತ್ತೆ ಕಾಯಿಲೆ ಬಿತ್ತು. ಆಮೇಲೆ ಡಾಕ್ಟರ್ ಹತ್ತಿರ ಹೋಗಿ ಹಿಂಭಾಗದಿಂದ ಸ್ವಾಬ್ (ಹತ್ತಿ ಸುತ್ತಿದ ಕಡ್ಡಿಯಲ್ಲಿ ಒರೆಸಿ ತೆಗೆಯುವ ಸ್ಯಾಂಪಲ್) ತೆಗೆಸಿ ಕಲ್ಚರ್ ಮಾಡಿಸಿದರೆ ರಿಪೋರ್ಟಿನಲ್ಲಿ ‘ಏನೂ ಬೆಳೆದಿಲ್ಲ’ ಅಂತ ಬಂತು. ‘ಟೆಸ್ಟಿಗೆ ಕೊಟ್ಟ ದುಡ್ಡು ದಂಡವಾಯ್ತಲ್ವಾ? ಇನ್ನು ಟೆಸ್ಟೆಲ್ಲ ಬಿಟ್ಟು ಇನ್ನೊಂದು ಜೋರಾದ ಆ್ಯಂಟಿಬಯಾಟಿಕ್ ಕೊಟ್ಟು ನೋಡಬಹುದಾ?’ ಇದು ಇವರ ಪ್ರಶ್ನೆ.

ದಯವಿಟ್ಟು ಕೊಡಬೇಡಿ. ದುಡ್ಡೂ ದಂಡವಾಗಿಲ್ಲ, ಆದರೆ ಆ ರಿಪೋರ್ಟನ್ನು ಓದುವ ರೀತಿ ಬೇರೆ ಇದೆ.

ಕಲ್ಚರ್ ಅಂದರೆ ಸ್ವಾಬ್‌ಗೆ ಅಂಟಿಕೊಂಡು ಬಂದ ಬ್ಯಾಕ್ಟೀರಿಯಾವನ್ನು ಆಹಾರವಿರುವ ತಟ್ಟೆಗೆ ಸವರಿ, ಬೆಚ್ಚಗಿಟ್ಟು, ಬೆಳೆಯುತ್ತದಾ ಅಂತ ಕಾಯುವುದು. ಮಾಮೂಲಿ ಬ್ಯಾಕ್ಟೀರಿಯಾ ಆದರೆ 24ರಿಂದ 48 ಗಂಟೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಬೆಳೆದದ್ದು ಯಾವುದು ಅಂತ ಗುರುತಿಸಿ, ಅದನ್ನು ಇನ್ನೊಂದು ತಟ್ಟೆಗೆ ಹರಡಿ, ಬೇರೆ ಬೇರೆ ಆ್ಯಂಟಿಬಯಾಟಿಕ್ ಇರುವ ಪುಟ್ಟ ಬಿಲ್ಲೆಗಳನ್ನು ಮೇಲಿಡುತ್ತಾರೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ಉಂಗುರ ಉಳಿಯುತ್ತದೆ. ಆ ಉಂಗುರದ ಅಗಲ ಅಳೆದು ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಅಂತ ಬರೆಯುತ್ತಾರೆ. ಸೆನ್ಸಿಟಿವಿಟಿ ಅನ್ನುವುದು ಇದಕ್ಕೇ. ಅಂದರೆ ಈ ಪರೀಕ್ಷೆಗೆ ಬೇಕಾದದ್ದು ಜೀವಂತ ಬ್ಯಾಕ್ಟೀರಿಯಾ. ನೀವು ಮೊದಲೇ ಔಷಧಿ ಕೊಟ್ಟಿದ್ದರಿಂದ ಅದು ಅರ್ಧ ಸತ್ತು, ಸ್ವಾಬ್‌ಗೆ ಸಿಗದಷ್ಟು ಕಡಿಮೆಯಾಗಿ, ಹಕ್ಕಿಯ ಒಳಗೆ ಮಾತ್ರ ಉಳಿದುಕೊಂಡಿರಬಹುದು. ನೀರಿನಲ್ಲಿ ಬೆರೆಸಿದ ಔಷಧಿಯ ಕಷ್ಟವೇ ಇದು. ಕಾಯಿಲೆಯ ಹಕ್ಕಿ ಎಷ್ಟು ನೀರು ಕುಡಿಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ. ನೀರು ಕಹಿಯಾದರೆ ಅದು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ಬ್ಯಾಕ್ಟೀರಿಯಾ ಸಾಯುವಷ್ಟು ಔಷಧಿ ಒಳಗೆ ಹೋಗುವುದಿಲ್ಲ, ಪರೀಕ್ಷೆ ಕೆಡುವಷ್ಟು ಮಾತ್ರ ಹೋಗುತ್ತದೆ. ನಿಮ್ಮ ಡಾಕ್ಟರಿಗೆ ಆ ಪುಡಿಯ ವಿಷಯ ಹೇಳಿದ್ದೀರಾ ಅಂತ ಪತ್ರದಲ್ಲಿ ಇಲ್ಲ. ಹೇಳಿಲ್ಲದಿದ್ದರೆ ಪ್ಯಾಕೆಟ್ ಸಮೇತ ತೆಗೆದುಕೊಂಡು ಹೋಗಿ ತೋರಿಸಿ, ಅವರು ಬೈಯುವುದಿಲ್ಲ. ಔಷಧಿ ನಿಲ್ಲಿಸಿ ಎಷ್ಟು ದಿನ ಬಿಟ್ಟು ಮತ್ತೆ ಸ್ವಾಬ್ ತೆಗೆಯಬೇಕು ಅನ್ನುವುದನ್ನು ಹಕ್ಕಿಯ ಸ್ಥಿತಿ ನೋಡಿ ಅವರೇ ಹೇಳುತ್ತಾರೆ.

ಇನ್ನು ಎರಡನೇ ಸಾಧ್ಯತೆ. ಅಮ್ಮನ ಕೆಮ್ಮಿನ ವಿಷಯಕ್ಕೆ ಇಲ್ಲಿ ಬರುತ್ತೇನೆ.

ಕೆಲವು ಬ್ಯಾಕ್ಟೀರಿಯಾ ಆ ತಟ್ಟೆಯಲ್ಲಿ ಯಾವತ್ತೂ ಬೆಳೆಯುವುದಿಲ್ಲ. ಗಿಳಿ ಜಾತಿಯ ಹಕ್ಕಿಗಳಲ್ಲಿ ಬಹಳ ಮುಖ್ಯವಾದದ್ದು ಕ್ಲಮಿಡಿಯಾ ಸಿಟ್ಟಾಸಿ. ಇದು ಜೀವಕೋಶದ ಒಳಗೆ ಹೊಕ್ಕರೆ ಮಾತ್ರ ಹೆಚ್ಚುತ್ತದೆ, ಹಾಗಾಗಿ ತಟ್ಟೆಯ ಆಹಾರ ಎಷ್ಟಿದ್ದರೂ ಇದಕ್ಕೆ ಪ್ರಯೋಜನವಿಲ್ಲ. ಕಾಕಟೀಲ್‌ಗಳಲ್ಲಿ, ಬಡ್ಜಿ ಅನ್ನುವ ಪುಟ್ಟ ಗಿಳಿಗಳಲ್ಲಿ ಇದು ಅಪರೂಪವೇನಲ್ಲ. ಗರಿ ಉಬ್ಬಿಸಿಕೊಂಡು ಕೂರುವುದು, ಹಸಿರು ಹಿಕ್ಕೆ, ಕಣ್ಣು ಮೂಗು ಸೋರುವುದು, ತೂಕ ಇಳಿಯುವುದು ಇದರ ಲಕ್ಷಣ. ಏನೂ ಲಕ್ಷಣ ತೋರಿಸದೆಯೂ ಹಕ್ಕಿ ಇದನ್ನು ಹೊರಹಾಕುತ್ತಿರಬಹುದು. ಒಣಗಿದ ಹಿಕ್ಕೆಯ ಧೂಳು ಉಸಿರಿನ ಜತೆ ಮನುಷ್ಯರ ಒಳಗೆ ಹೋದರೆ ಜ್ವರ, ತಲೆನೋವು, ಒಣಕೆಮ್ಮು ಬರುತ್ತದೆ, ನ್ಯುಮೋನಿಯಾ ಕೂಡ ಆಗಬಹುದು. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಹೋದ ಗಿಳಿಗಳ ಜತೆ ಈ ಕಾಯಿಲೆ ಯುರೋಪು, ಅಮೆರಿಕದ ಮನೆಗಳಿಗೆ ಹರಡಿ ಜನರೇ ಸತ್ತಿದ್ದರು. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ. ಈಗ ಇದಕ್ಕೆ ಒಳ್ಳೆಯ ಔಷಧಿ ಇದೆ, ಡಾಕ್ಟರಿಗೆ ಹಕ್ಕಿಯ ವಿಷಯ ಗೊತ್ತಿದ್ದರೆ ಸಾಕು. ನಿಮ್ಮ ಅಮ್ಮನಿಗೆ ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ಕೆಮ್ಮಿಗೆ ಬೇರೆ ನೂರು ಕಾರಣ ಇರುತ್ತವೆ. ಆದರೆ ‘ಮನೆಯಲ್ಲಿ ಹಕ್ಕಿ ಇದೆಯಾ’ ಅಂತ ಡಾಕ್ಟರ್ ಕೇಳದೇ ಹೋಗಬಹುದು, ನಾವೇ ಬಾಯಿಬಿಟ್ಟು ಹೇಳಬೇಕು.

ಚಿನ್ನುಗೆ ಈಗ ಬೇಕಾಗಿರುವುದು ಪಿಸಿಆರ್ ಪರೀಕ್ಷೆ. ಇದು ಬ್ಯಾಕ್ಟೀರಿಯಾವನ್ನು ಬೆಳೆಸುವುದಿಲ್ಲ, ಅದರ ಡಿಎನ್‌ಎಯನ್ನು ಹುಡುಕುತ್ತದೆ. ಒಂದು ಸಂಗತಿ ಗಮನಿಸಿ: ಹಕ್ಕಿ ಕ್ಲಮಿಡಿಯಾವನ್ನು ದಿನವೂ ಹೊರಹಾಕುವುದಿಲ್ಲ, ಬಿಟ್ಟು ಬಿಟ್ಟು ಹಾಕುತ್ತದೆ. ಅದಕ್ಕೇ ಕಣ್ಣಿನ ಅಂಚು, ಬಾಯಿಯೊಳಗೆ ಮೇಲಂಗುಳದ ಸೀಳು, ಹಿಂಭಾಗ, ಈ ಮೂರೂ ಕಡೆಯಿಂದ ಸ್ವಾಬ್ ತೆಗೆಯುವುದು ಒಳ್ಳೆಯದು, ರಕ್ತವನ್ನೂ ಕಳಿಸಬಹುದು. ಒಂದು ಸಲ ಇಲ್ಲ ಅಂತ ಬಂದರೂ ಡಾಕ್ಟರಿಗೆ ಅನುಮಾನ ಉಳಿದಿದ್ದರೆ ಮತ್ತೆ ಮಾಡಿಸಿ. ಇದೆ ಅಂತ ಬಂದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಅದೂ 45 ದಿನ. ನಡುವೆ ಹಕ್ಕಿ ಚುರುಕಾಯಿತು ಅಂತ ನಿಲ್ಲಿಸಬಾರದು. ಪಂಜರದಲ್ಲಿ ಕಟಲ್‌ಬೋನ್ (ಹಕ್ಕಿ ಕುಕ್ಕಲಿ ಅಂತ ಇಡುವ ಸುಣ್ಣದಂಥ ಬಿಳಿ ಚಿಪ್ಪು) ಇದ್ದರೆ ಆಗ ತೆಗೆದಿಡಬೇಕಾಗುತ್ತದೆ, ಅದರ ಕ್ಯಾಲ್ಸಿಯಂ ಈ ಔಷಧಿ ಮೈಗೆ ಹತ್ತದ ಹಾಗೆ ಮಾಡುತ್ತದೆ.

ತಟ್ಟೆಗೆ ಸಿಗದವು ಇನ್ನೂ ಇವೆ. ಮೈಕೋಪ್ಲಾಸ್ಮಾಗೆ ಹೊರಗೋಡೆಯೇ ಇಲ್ಲ, ಮಾಮೂಲಿ ತಟ್ಟೆಯಲ್ಲಿ ಅದು ಬೆಳೆಯುವುದಿಲ್ಲ. ಹಕ್ಕಿಗಳ ಕ್ಷಯ ತರುವ ಬ್ಯಾಕ್ಟೀರಿಯಾ ಬೆಳೆಯಲು ವಾರಗಟ್ಟಲೆ ಬೇಕು, ಸೂಕ್ಷ್ಮದರ್ಶಕದಲ್ಲಿ ಕಾಣಲು ಅದಕ್ಕೆ ಬಣ್ಣ ಹಾಕುವ ವಿಧಾನವೂ ಬೇರೆ. ಬಡ್ಜಿಗಳ ಹೊಟ್ಟೆಯಲ್ಲಿ ಸಿಗುವ ಮ್ಯಾಕ್ರೊರಾಬ್ಡಸ್ ಅನ್ನುವ ಉದ್ದುದ್ದ ಕಡ್ಡಿಯಂಥ ಜೀವಿಯನ್ನು ಹಿಂದೆ ದೊಡ್ಡ ಬ್ಯಾಕ್ಟೀರಿಯಾ ಅಂದುಕೊಂಡಿದ್ದರು. ಅದು ಶಿಲೀಂಧ್ರ ಅಂತ ಆಮೇಲೆ ಗೊತ್ತಾಯಿತು. ಅದಕ್ಕೆ ಬ್ಯಾಕ್ಟೀರಿಯಾದ ಔಷಧಿ ಎಷ್ಟು ಕೊಟ್ಟರೂ ಅಷ್ಟೇ. ತಾಜಾ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಸಲ ಅಲ್ಲೇ ಕಂಡುಬಿಡುತ್ತದೆ.

ಅದೇ ಹಿಕ್ಕೆಗೆ ಬ್ಯಾಕ್ಟೀರಿಯಾವನ್ನು ಎರಡು ಗುಂಪಾಗಿ ತೋರಿಸುವ ಗ್ರಾಮ್ ಬಣ್ಣ ಹಾಕಿಯೂ ನೋಡುತ್ತಾರೆ. 1884ರ ಹಳೆಯ ವಿಧಾನ, ಇವತ್ತಿಗೂ ಹಕ್ಕಿಗಳ ಡಾಕ್ಟರು ದಿನವೂ ಬಳಸುತ್ತಾರೆ, ಕೆಲವೇ ನಿಮಿಷದ ಕೆಲಸ. ಗ್ರಾಮ್ ಪಾಸಿಟಿವ್ ಬ್ಯಾಕ್ಟೀರಿಯಾ ನೇರಳೆ ಕಾಣುತ್ತವೆ, ಗ್ರಾಮ್ ನೆಗೆಟಿವ್ ಗುಲಾಬಿ. ಆರೋಗ್ಯವಾಗಿರುವ ಗಿಳಿ, ಕಾಕಟೀಲ್‌ಗಳ ಹೊಟ್ಟೆಯಲ್ಲಿ ನೇರಳೆಯವೇ ಜಾಸ್ತಿ. ಗುಲಾಬಿಯವು ತುಂಬಿಕೊಂಡಿದ್ದರೆ ಇ-ಕೊಲೈ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್ ಥರದವು ಇರಬಹುದು ಅಂತ ಅನುಮಾನ ಬರುತ್ತದೆ, ಆಗ ಕಲ್ಚರ್‌ಗೆ ಕಳಿಸುತ್ತಾರೆ. ಸ್ಯೂಡೊಮೊನಾಸ್ ಸಿಕ್ಕಿದರೆ ಮೊದಲು ನೀರಿನ ಬಟ್ಟಲನ್ನು ಅನುಮಾನಿಸಿ. ಒಳಗೆ ಬೆರಳಾಡಿಸಿ ನೋಡಿ, ಲೋಳೆ ಲೋಳೆ ಅನ್ನಿಸಿದರೆ ಅದು ಅಲ್ಲೇ ಸಂಸಾರ ಹೂಡಿರಬಹುದು.

‘ಇಷ್ಟು ಪುಟ್ಟ ಜೀವದಿಂದ ರಕ್ತ ತೆಗೆಯೋಕೆ ಮನಸ್ಸು ಬರಲಿಲ್ಲ’ ಅಂತಲೂ ಬರೆದಿದ್ದೀರಿ. ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಲೆಕ್ಕ ನೋಡಿ. ಹಕ್ಕಿಯ ತೂಕದ ಸುಮಾರು ನೂರಕ್ಕೆ 10 ಭಾಗ ರಕ್ತ. ಆರೋಗ್ಯವಾಗಿರುವ ಹಕ್ಕಿಯಿಂದ ತೂಕದ ನೂರಕ್ಕೆ 1 ಭಾಗದಷ್ಟು ತೆಗೆದರೆ ಅದು ತಡೆದುಕೊಳ್ಳುತ್ತದೆ. ಚಿನ್ನು 90 ಗ್ರಾಂ ಅಂದಿದ್ದೀರಿ, ಅಂದರೆ ಹೆಚ್ಚೆಂದರೆ 0.9 ಮಿ.ಲೀ. ಕಾಯಿಲೆಯ ಹಕ್ಕಿಯಿಂದ ಅದಕ್ಕಿಂತ ಕಡಿಮೆಯೇ ತೆಗೆಯುತ್ತಾರೆ, ಪರೀಕ್ಷೆಗೆ ಅಷ್ಟು ಸಾಕು. ಬಿಳಿ ರಕ್ತಕಣ ಏರಿದ್ದರೆ ಒಳಗೆಲ್ಲೋ ಸೋಂಕು ಅಥವಾ ಉರಿಯೂತ ಇದೆ ಅಂತ ತಿಳಿಯುತ್ತದೆ. ಲಿವರ್ ಹೇಗಿದೆ ಅನ್ನುವುದೂ ರಕ್ತದಲ್ಲೇ ಗೊತ್ತಾಗಬೇಕು. ಒಂದು ವಿಷಯ ಮಾತ್ರ ಕೇಳಿಕೊಳ್ಳಿ: ಆ ಲ್ಯಾಬಿನವರು ಹಕ್ಕಿಯ ರಕ್ತ ನೋಡಿ ಅಭ್ಯಾಸ ಇರುವವರಾ? ಹಕ್ಕಿಗಳ ಕೆಂಪು ರಕ್ತಕಣದೊಳಗೂ ನ್ಯೂಕ್ಲಿಯಸ್ ಇರುತ್ತದೆ. ಮನುಷ್ಯರ ರಕ್ತ ಎಣಿಸುವ ಯಂತ್ರ ಅದನ್ನು ಬಿಳಿ ಕಣ ಅಂತ ಎಣಿಸಿಬಿಡಬಹುದು. ಆದ್ದರಿಂದ ಸ್ಲೈಡ್ ಮೇಲೆ ಕಣ್ಣಿಟ್ಟು ಕೈಯಾರೆ ಎಣಿಸಬೇಕು.

ಮುಂದಿನ ಸಲ ರಿಪೋರ್ಟಿನಲ್ಲಿ ಏನಾದರೂ ಬೆಳೆದಿದೆ ಅಂತ ಬಂದರೂ ತಕ್ಷಣ ಅದೇ ಕಳ್ಳ ಅಂತ ಅಂದುಕೊಳ್ಳಬೇಡಿ. ಪಂಜರದ ತಳದಲ್ಲಿ ಬೆಳಗಿನಿಂದ ಬಿದ್ದಿದ್ದ ಹಿಕ್ಕೆ ಕೆರೆದು ಕೊಟ್ಟರೆ ತಟ್ಟೆಯಲ್ಲಿ ಬೆಳೆಯುವುದು ಪಂಜರದ ತಳ. ಹಿಕ್ಕೆಯನ್ನೇ ಕೊಡಬೇಕು ಅಂದರೆ ಸ್ವಚ್ಛವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಕೂಡಲೇ ತೆಗೆದು, ಲ್ಯಾಬಿನವರ ಡಬ್ಬಿಗೆ ಹಾಕಿ ಅವತ್ತೇ ತಲುಪಿಸಿ. ಚೆನ್ನಾಗಿ ತಿಂದುಂಡು ಕೂಗಾಡುತ್ತಿರುವ ಹಕ್ಕಿಯ ಸ್ವಾಬ್‌ನಲ್ಲಿ ನಾಲ್ಕು ಇ-ಕೊಲೈ ಸಿಕ್ಕಿದ ಮಾತ್ರಕ್ಕೆ ಔಷಧಿ ಬೇಕೇ ಬೇಕು ಅಂತಿಲ್ಲ. ಬೇಡದ ಔಷಧಿ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದು ಕ್ಯಾಂಡಿಡಾ ಅನ್ನುವ ಯೀಸ್ಟ್‌ಗೆ ಜಾಗ ಮಾಡಿಕೊಡುತ್ತದೆ. ರಿಪೋರ್ಟನ್ನೂ ಹಕ್ಕಿಯನ್ನೂ ಒಟ್ಟಿಗೆ ನೋಡಿ ತೀರ್ಮಾನ ಮಾಡುವವರು ಬೇಕು, ಆ ಕೆಲಸ ಲ್ಯಾಬ್ ಮಾಡುವುದಿಲ್ಲ.

ಈಗ ಮನೆಯಲ್ಲಿ ಮಾಡಬೇಕಾದದ್ದು. ಚಿನ್ನುವನ್ನು ಬೆಚ್ಚಗಿಡಿ, ಸುಮಾರು 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಆದರೆ ಬಾಯಿ ತೆರೆದು ಏದುಸಿರು ಬಿಟ್ಟರೆ ಕಡಿಮೆ ಮಾಡಿ. ದಿನಾ ಬೆಳಿಗ್ಗೆ ತಿನ್ನುವ ಮೊದಲು ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಗರಿಯ ಒಳಗೆ ಎಷ್ಟು ಸೊರಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಯಲ್ಲಿ ಗೊತ್ತಾಗುತ್ತದೆ. 90 ಗ್ರಾಂ ಇದ್ದದ್ದು 81ಕ್ಕೆ ಇಳಿದರೆ, ಅಥವಾ ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ರಿಪೋರ್ಟಿಗೆ ಕಾಯಬೇಡಿ, ಆಗಲೇ ಡಾಕ್ಟರ್ ಹತ್ತಿರ ಓಡಿ. ಅಷ್ಟು ನಿತ್ರಾಣವಾಗಿದ್ದರೆ ಅವರು ಸ್ಯಾಂಪಲ್ ತೆಗೆದುಕೊಂಡ ಕೂಡಲೇ ಔಷಧಿ ಶುರು ಮಾಡುತ್ತಾರೆ, ರಿಪೋರ್ಟ್ ಬಂದ ಮೇಲೆ ಬೇಕಿದ್ದರೆ ಬದಲಾಯಿಸುತ್ತಾರೆ. ಅದು ಸರಿಯಾದ ಕ್ರಮವೇ.

ಪಂಜರ ತೊಳೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಮೊದಲು ನೀರು ಚಿಮುಕಿಸಿ ಹಿಕ್ಕೆ ನೆನೆಸಿ, ಆಮೇಲೆ ಒರೆಸಿ. ಒಣ ಪೊರಕೆಯಲ್ಲಿ ಗುಡಿಸಲೇಬೇಡಿ. ಅಮ್ಮ ಸದ್ಯಕ್ಕೆ ಆ ಕೋಣೆಗೆ ಬರುವುದು ಬೇಡ.

ಪತ್ರದಲ್ಲಿ ಒಂದು ಕಡೆ ಬಡ್ಜಿಯ ಮಾತೂ ಬಂದಿದೆ, ಅದು ಚಿನ್ನುವಿನ ಪಕ್ಕದ ಪಂಜರದಲ್ಲೇ ಇದೆ, ಚುರುಕಾಗಿದೆ ಅಂತ. ಹಕ್ಕಿಗಳು ಕಾಯಿಲೆಯನ್ನು ಆದಷ್ಟು ದಿನ ಬಚ್ಚಿಟ್ಟುಕೊಳ್ಳುತ್ತವೆ, ಚುರುಕಾಗಿದೆ ಅನ್ನುವುದನ್ನು ನಂಬಿ ಕೂರುವ ಹಾಗಿಲ್ಲ. ಇವತ್ತೇ ಅದನ್ನು ಬೇರೆ ಕೋಣೆಗೆ ಹಾಕಿ, ಕಾಳು ನೀರು ಮೊದಲು ಅದಕ್ಕೆ ಕೊಟ್ಟು ಆಮೇಲೆ ಚಿನ್ನು ಹತ್ತಿರ ಹೋಗಿ, ಪಿಸಿಆರ್‌ಗೆ ಅದರ ಸ್ವಾಬನ್ನೂ ಒಟ್ಟಿಗೇ ಕಳಿಸಿ. ರಿಪೋರ್ಟ್ ಬಂದ ಮೇಲೆ ಚಿನ್ನು ಹೇಗಿದೆ, ಅಮ್ಮ ಹೇಗಿದ್ದಾರೆ ಅಂತ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

- ಸಂ.