ಮೊದಲ ಮೂರು ಅಧ್ಯಾಯಗಳಲ್ಲೇ ನಿಂತ ಕಾದಂಬರಿ
ಆರು ತಿಂಗಳಿಂದ ನಿಮ್ಮ ಕಾದಂಬರಿಯ ಮೊದಲ ಮೂರು ಅಧ್ಯಾಯಗಳನ್ನೇ ತಿದ್ದುತ್ತಿರುವುದಾಗಿ ಬರೆದಿದ್ದೀರಿ. ಇದಕ್ಕೆ ಕಾರಣ ಬಹುಶಃ ಭಾಷೆಯ ದೋಷವಲ್ಲ, ನಾಯಕಿಗೆ ಏನು ಬೇಕೆಂಬುದು ನಿಮಗೇ ಇನ್ನೂ ಸ್ಪಷ್ಟವಾಗದಿರುವುದು. ಮೊದಲು ಆ ಪುಟಗಳನ್ನು ಕಣ್ಣಿಗೆ ಬೀಳದಂತೆ ಎತ್ತಿಟ್ಟು, ಅವಳ ಬಯಕೆ ಯಾವುದು, ಅದಕ್ಕೆ ಅಡ್ಡ ನಿಂತವರು ಯಾರು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಅನಂತರ ನಾಲ್ಕನೇ ಅಧ್ಯಾಯವನ್ನು ಆ ಅಡ್ಡಿ ಎದುರಾಗುವ ದೃಶ್ಯದಿಂದಲೇ ಆರಂಭಿಸಿ, ಹಿಂದಿನದರಲ್ಲಿ ಬದಲಿಸಬೇಕೆನಿಸಿದ್ದನ್ನು ಬೇರೆ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತ ಮುಂದುವರಿಯಿರಿ (ತಿದ್ದುವ ಚಪಲ ನನ್ನನ್ನೂ ಪೂರ್ತಿ ಬಿಟ್ಟಿಲ್ಲ). ಮುಂದೇನಾಗುವುದೆಂದು ಗೊತ್ತಿರುವಾಗಲೇ ದಿನದ ಬರವಣಿಗೆಯನ್ನು ನಿಲ್ಲಿಸಿ. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ 1958ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಹೇಳಿದ ಈ ಅಭ್ಯಾಸ ನನಗೆ ಫಲಿಸಿದೆ, ಎಲ್ಲರಿಗೂ ಒಗ್ಗೀತೆಂದು ಹೇಳಲಾರೆ. ಹತ್ತು ಪುಟಗಳಾದ ಮೇಲೂ ಅವಳು ಜಡವಾಗಿಯೇ ಕಂಡರೆ, ಅದೇ ದೃಶ್ಯವನ್ನು ನಿಮ್ಮ ಕಥೆಯಲ್ಲಿ ಬರುವ ಅತ್ತೆಯ ಕಣ್ಣಿನಿಂದ ಬರೆದು ನೋಡಿ. ಕಥೆ ಆಕೆಯದೇ ಇರಬಹುದು.