ಕೆಲಸದ ಪ್ರವಾಸಕ್ಕೆ ಯಾವ ಕ್ಯಾಮೆರಾ?

ಪ್ರಶ್ನೆ: ಕಚೇರಿಯ ಕೆಲಸದ ಮೇಲೆ ನಾನು ಹಿಂದೆಂದೂ ನೋಡಿರದ ನಗರವೊಂದಕ್ಕೆ ಒಂದು ವಾರದ ಮಟ್ಟಿಗೆ ಹೋಗಬೇಕಾಗಿದೆ. ಹಗಲೆಲ್ಲ ಸಭೆಗಳಿವೆ, ಬೆಳಗಿನ ಅರ್ಧ ಗಂಟೆ ಮತ್ತು ರಾತ್ರಿ ಊಟಕ್ಕೆ ಮುಂಚಿನ ಸ್ವಲ್ಪ ಹೊತ್ತು ಮಾತ್ರ ನನ್ನದು. ವಿಮಾನದೊಳಗೆ ಒಯ್ಯುವ ಒಂದೇ ಚೀಲದಲ್ಲಿ ಬಟ್ಟೆ, ಲ್ಯಾಪ್‌ಟಾಪ್ ಎಲ್ಲವೂ ಹಿಡಿಯಬೇಕು. ಮನೆಯಲ್ಲಿ ಫುಲ್‌ಫ್ರೇಮ್ ಕ್ಯಾಮೆರಾ ಮತ್ತು ಎರಡು ಜೂಮ್ ಲೆನ್ಸ್‌ಗಳಿವೆ. ಅವನ್ನೇ ಒಯ್ಯಲೇ, ಚಿಕ್ಕದೊಂದನ್ನು ಕೊಳ್ಳಲೇ ಅಥವಾ ಮೊಬೈಲ್ ಸಾಕೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಸಮಯದ ವಿವರ. ನಿಮಗೆ ಬಿಡುವಿರುವುದು ಬೆಳಕು ಹರಿಯುವ ಹೊತ್ತಿನಲ್ಲಿ ಮತ್ತು ಕತ್ತಲಾದ ಮೇಲೆ. ಆದ್ದರಿಂದ ನಿಮ್ಮ ಚಿತ್ರಗಳಲ್ಲಿ ಹೆಚ್ಚಿನವು ಮಂದ ಬೆಳಕಿನಲ್ಲಿ, ಟ್ರೈಪಾಡ್ ಇಲ್ಲದೆ, ನಡೆಯುತ್ತಾ ನಿಂತು ತೆಗೆದವಾಗಿರುತ್ತವೆ. ಜೂಮ್ ಎಷ್ಟು ದೂರ ತಲುಪುತ್ತದೆ ಎಂದು ನೋಡುವ ಮೊದಲು ಕ್ಯಾಮೆರಾ ಎಷ್ಟು ಬೆಳಕನ್ನು ಹಿಡಿಯುತ್ತದೆ, ಸಭೆಯಿಂದ ಹೊರಬಂದ ಕ್ಷಣದಲ್ಲಿ ಅದು ನಿಮ್ಮ ಬಳಿಯೇ ಇರುತ್ತದೆಯೇ ಎಂಬೆರಡನ್ನು ನೋಡಬೇಕು. ಎರಡು ಜೂಮ್‌ಗಳ ಫುಲ್‌ಫ್ರೇಮ್ ವ್ಯವಸ್ಥೆ ಮೊದಲನೆಯದರಲ್ಲಿ ಗೆದ್ದರೂ ಎರಡನೆಯದರಲ್ಲಿ ಸೋಲುತ್ತದೆ. ಅದನ್ನು ತರಲು ಕೋಣೆಗೆ ಹಿಂತಿರುಗುವಷ್ಟರಲ್ಲಿ ನಿಮ್ಮ ಬಿಡುವಿನ ಅರ್ಧ ಭಾಗ ಮುಗಿದಿರುತ್ತದೆ.

ಬೆಳಕಿನ ವಿಷಯದಲ್ಲಿ, ಅದನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್‌ನ ಅಳತೆಯನ್ನು ಗಮನಿಸಿ; ಅದು ದೊಡ್ಡದಾದಷ್ಟೂ ಹೆಚ್ಚು ಬೆಳಕು ಸಿಗುತ್ತದೆ. ಫುಲ್‌ಫ್ರೇಮ್ ಸೆನ್ಸರ್ 36 × 24 ಮಿಲಿಮೀಟರ್ ಇರುತ್ತದೆ, ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಎಂಬ ಬಗೆಯದು ಸುಮಾರು 23.5 × 15.6. ಒಳ್ಳೆಯ ಕಿಸೆ ಕ್ಯಾಮೆರಾಗಳಲ್ಲಿರುವ, ಒಂದು ಇಂಚಿನದೆಂದು ಕರೆಯಲಾಗುವ ಸೆನ್ಸರ್ ವಾಸ್ತವವಾಗಿ 13.2 × 8.8 ಮಿಲಿಮೀಟರ್ ಮಾತ್ರ. ವಿಸ್ತೀರ್ಣದಲ್ಲಿ ಎಪಿಎಸ್-ಸಿ ಇದಕ್ಕಿಂತ ಮೂರು ಪಟ್ಟು ದೊಡ್ಡದು. ಅಂಗೈಯಲ್ಲಿ ಹಿಡಿಯುವ ಕ್ಯಾಮೆರಾದಲ್ಲಿ ಎಪಿಎಸ್-ಸಿ ಸೆನ್ಸರ್ ಸಿಗುವಾಗ ನಿಮ್ಮಂಥ ಸಂಜೆಯ ಛಾಯಾಗ್ರಾಹಕರಿಗೆ ಅದೇ ಸೂಕ್ತ ಎಂಬುದು ನನ್ನ ಅಭಿಪ್ರಾಯ. ಜೂಮ್ ಬಿಟ್ಟುಕೊಡುವುದೇ ಅದಕ್ಕೆ ತೆರಬೇಕಾದ ಬೆಲೆ.

ರಿಕೋ ಜಿಆರ್ 3 ಈ ಬಗೆಯದು. ಬ್ಯಾಟರಿ ಮತ್ತು ಕಾರ್ಡ್ ಸೇರಿ 257 ಗ್ರಾಂ ತೂಗುವ ಇದನ್ನು ಕೋಟಿನ ಕಿಸೆಯಲ್ಲಿ ಇಟ್ಟುಕೊಳ್ಳಬಹುದು. ಫುಲ್‌ಫ್ರೇಮ್ ಲೆಕ್ಕದಲ್ಲಿ 28 ಮಿಲಿಮೀಟರ್‌ಗೆ ಸಮನಾದ, ಎಫ್ 2.8 ಅಪರ್ಚರ್‌ನ ಒಂದೇ ಲೆನ್ಸ್ ಇದಕ್ಕಿದೆ (ಮಿಲಿಮೀಟರ್ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಒಳಬರುವ ಕಿಂಡಿಯಾದ ಅಪರ್ಚರ್ ದೊಡ್ಡದು); 28 ಅತಿ ಅಗಲವೆನಿಸುವವರಿಗೆ ಇದರ ಜೊತೆಗಾರ ಜಿಆರ್ 3 ಎಕ್ಸ್‌ನಲ್ಲಿ 40 ಮಿಲಿಮೀಟರ್‌ಗೆ ಸಮನಾದ ನೋಟ ಸಿಗುತ್ತದೆ. ದೂರವನ್ನು ಮೊದಲೇ ನಿಗದಿಪಡಿಸಿಟ್ಟು, ಗುಂಡಿಯನ್ನು ಒಂದೇ ಸಲ ಪೂರ್ತಿ ಒತ್ತಿದರೆ ಆ ದೂರಕ್ಕೇ ಫೋಕಸ್ ಆಗುವ ಸ್ನ್ಯಾಪ್ ಫೋಕಸ್ ಎಂಬ ಸೌಲಭ್ಯ ಬೀದಿಯಲ್ಲಿ ಬಹಳ ಉಪಯುಕ್ತ. ಆದರೆ ಇದರಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರ್ ಇಲ್ಲ, ಫ್ಲ್ಯಾಶ್ ಇಲ್ಲ, ಮತ್ತು ಒಂದು ಬ್ಯಾಟರಿಗೆ ಸುಮಾರು 200 ಚಿತ್ರಗಳಷ್ಟೇ ಬರುತ್ತವೆ. ಇನ್ನೊಂದು ಬ್ಯಾಟರಿ ಇಲ್ಲದೆ ಇದನ್ನು ಒಯ್ಯಬಾರದು.

ಕಣ್ಣಿಗೆ ಹಿಡಿದು ಚಿತ್ರ ತೆಗೆಯುವ ಅಭ್ಯಾಸ ನಿಮ್ಮದಾಗಿದ್ದರೆ ಫ್ಯೂಜಿಫಿಲ್ಮ್ ಎಕ್ಸ್100-6 ಅನ್ನು ಪರಿಗಣಿಸಿ. 35 ಮಿಲಿಮೀಟರ್‌ಗೆ ಸಮನಾದ ಅದರ ಎಫ್ 2 ಲೆನ್ಸ್, ಎಫ್ 2.8ಕ್ಕಿಂತ ಎರಡು ಪಟ್ಟು ಬೆಳಕನ್ನು ಒಳಬಿಡುತ್ತದೆ. ತೂಕ 521 ಗ್ರಾಂ, ಅಂದರೆ ಜಿಆರ್‌ನ ಎರಡರಷ್ಟು. ಇದು ಕಿಸೆಯ ಕ್ಯಾಮೆರಾ ಅಲ್ಲ, ಹೆಗಲಿಗೆ ಹಾಕಿಕೊಳ್ಳುವಂಥದ್ದು. ನಿಮ್ಮ ಕೆಲಸದ ಉಡುಪಿನ ಮೇಲೆ ಅದು ದಿನವಿಡೀ ತೂಗಾಡುವುದು ನಿಮಗೆ ಒಪ್ಪಿಗೆಯೇ ಎಂದು ಯೋಚಿಸಿ ನಿರ್ಧರಿಸಿ.

ಜೂಮ್ ಬೇಕೇ ಬೇಕೆನ್ನುವವರಿಗೆ ಒಂದು ಇಂಚಿನ ಸೆನ್ಸರ್‌ನ ಸೋನಿ ಆರ್‌ಎಕ್ಸ್100-7 ಇದೆ. 24ರಿಂದ 200 ಮಿಲಿಮೀಟರ್‌ವರೆಗಿನ ನೋಟವನ್ನು ಸುಮಾರು 300 ಗ್ರಾಂ ತೂಕದಲ್ಲಿ ಕೊಡುವ ಅದು ಹಗಲಿನಲ್ಲಿ ಅದ್ಭುತ ಸಂಗಾತಿ. ಆದರೆ ಜೂಮ್ ಮಾಡಿದಂತೆ ಅದರ ಅಪರ್ಚರ್ ಎಫ್ 4.5ಕ್ಕೆ ಕಿರಿದಾಗುತ್ತದೆ, ಸೆನ್ಸರ್ ಕೂಡ ಚಿಕ್ಕದು. ದೀಪದ ಬೆಳಕಿನಲ್ಲಿ ಆ ಜೂಮ್ ನಿಮಗೆ ಹೆಚ್ಚು ಒದಗಿಬರುವುದಿಲ್ಲ. ಅದರ ಚಾರ್ಜಿಂಗ್ ಕಿಂಡಿ ಹಳೆಯ ಮೈಕ್ರೋ ಯುಎಸ್‌ಬಿ ಆಗಿರುವುದರಿಂದ ಪ್ರತ್ಯೇಕ ಕೇಬಲ್ ಬೇಕು. ಮೇಲಿನ ಎರಡೂ ಕ್ಯಾಮೆರಾಗಳು ಲ್ಯಾಪ್‌ಟಾಪಿನ ಯುಎಸ್‌ಬಿ-ಸಿ ಚಾರ್ಜರಿನಲ್ಲೇ ಚಾರ್ಜ್ ಆಗುತ್ತವೆ, ಒಂದೇ ಚೀಲದ ಪ್ರಯಾಣದಲ್ಲಿ ಇದು ಸಣ್ಣ ಅನುಕೂಲವಲ್ಲ.

ಮೊಬೈಲನ್ನು ನಾನು ಕಡೆಗಣಿಸುತ್ತಿಲ್ಲ. ಸಭೆಯ ಫಲಕ, ದಾಖಲೆ, ನಕ್ಷೆ, ಸಹೋದ್ಯೋಗಿಗಳೊಂದಿಗಿನ ಗುಂಪು ಚಿತ್ರ ಇವೆಲ್ಲಕ್ಕೂ ಅದೇ ಉತ್ತಮ, ಏಕೆಂದರೆ ಚಿತ್ರ ತಕ್ಷಣ ಹೋಗಬೇಕಾದಲ್ಲಿಗೆ ಹೋಗುತ್ತದೆ. ಛಾಯಾಗ್ರಹಣ ಹವ್ಯಾಸವಲ್ಲದವರಿಗೆ ಮೊಬೈಲ್ ಸಾಕು ಎಂದೇ ಹೇಳುತ್ತಿದ್ದೆ. ಆದರೆ ದಿನವಿಡೀ ಕಚೇರಿಯ ಕರೆಗಳು, ಸಂದೇಶಗಳು ಬರುವ ಸಾಧನದಲ್ಲೇ ನಿಮ್ಮ ಏಕೈಕ ಬಿಡುವನ್ನೂ ಕಳೆಯುವುದು ನನಗೆ ಸರಿಕಾಣುವುದಿಲ್ಲ. ಕ್ಯಾಮೆರಾ ಕೈಯಲ್ಲಿದ್ದಾಗ ಕಣ್ಣು ಬೀದಿಯ ಮೇಲಿರುತ್ತದೆ. ನಿಮಗಿರುವ ಅರ್ಧ ಗಂಟೆಯಲ್ಲಿ ಅದರ ಬೆಲೆ ದೊಡ್ಡದು.

ಯಾವುದನ್ನು ಕೊಂಡರೂ ಹೊರಡುವ ಹಿಂದಿನ ದಿನ ಕೊಳ್ಳಬೇಡಿ. ಕೆಲವು ವಾರ ಮುಂಚೆಯೇ ಕೊಂಡು, ಸಂಜೆಯ ಹೊತ್ತು ಅದನ್ನು ಹಿಡಿದು ಓಡಾಡಿ, ಬೆಳಕಿಗೆ ಸ್ಪಂದಿಸುವ ಪ್ರಮಾಣವಾದ ಐಎಸ್ಒ ಅನ್ನು ಸ್ವಯಂಚಾಲಿತಕ್ಕೆ ಬಿಟ್ಟು, ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನವಾಗದಂತೆ ಮಿತಿ ಹಾಕಿಕೊಂಡರೆ ನಡೆದಾಡುವ ಜನರ ಚಿತ್ರಗಳು ಬಹುಮಟ್ಟಿಗೆ ಮಸುಕಾಗುವುದಿಲ್ಲ. ಐಎಸ್ಒ ಹೆಚ್ಚಾಗಿ ಕಾಳುಕಾಳಾಗಿ ಕಾಣುವ ಚಿತ್ರವನ್ನು ಆಮೇಲೆ ಸುಧಾರಿಸಬಹುದು, ಅಲುಗಿದ ಚಿತ್ರವನ್ನು ಸುಧಾರಿಸುವುದು ಕಷ್ಟ. ಆಮೇಲೆ ಸುಧಾರಿಸಲು ಅನುಕೂಲವಾಗುವಂತೆ, ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ರಾ ಕಡತ ಮತ್ತು ಮಾಮೂಲಿ ಜೆಪೆಗ್ ಕಡತ ಎರಡನ್ನೂ ಉಳಿಸಿಕೊಳ್ಳಿ. ಗಡಿಯಾರವನ್ನು ಅಲ್ಲಿನ ಸಮಯಕ್ಕೆ ಹೊಂದಿಸಿಕೊಳ್ಳಲು ಮರೆತರೆ ಮೊಬೈಲಿನ ಚಿತ್ರಗಳೊಂದಿಗೆ ಇವು ಬೆರೆತಾಗ ಕ್ರಮ ತಪ್ಪುತ್ತದೆ. ಕಾರ್ಖಾನೆ, ಪ್ರಯೋಗಾಲಯ, ಗ್ರಾಹಕರ ಕಚೇರಿ ಇಲ್ಲೆಲ್ಲ ಅನುಮತಿ ಕೇಳದೆ ಕ್ಯಾಮೆರಾ ಹೊರತೆಗೆಯಬೇಡಿ.

ಪ್ರಶ್ನೆ: ನನ್ನ ಬಳಿ ಲೆನ್ಸ್ ಬದಲಿಸಬಹುದಾದ ಎಪಿಎಸ್-ಸಿ ಕ್ಯಾಮೆರಾ ಇದೆ, ಮತ್ತೊಂದನ್ನು ಕೊಳ್ಳುವ ಮನಸ್ಸಿಲ್ಲ. ಕೆಲಸದ ಪ್ರವಾಸಕ್ಕೆ ಇದನ್ನೇ ಹೇಗೆ ಹಗುರವಾಗಿಸಬಹುದು? ಹೆಚ್ಚುವರಿ ಬ್ಯಾಟರಿಯನ್ನು ಎಲ್ಲಿಡಬೇಕು?

ಉತ್ತರ: ಜೂಮ್ ಅನ್ನು ಮನೆಯಲ್ಲಿಟ್ಟು, ಪ್ಯಾನ್‌ಕೇಕ್ ಎಂದು ಕರೆಯಲಾಗುವ ಚಪ್ಪಟೆಯ ಒಂದೇ ಲೆನ್ಸ್ ಹಾಕಿಕೊಂಡು ಹೊರಡಿ. ಕ್ಯಾನನ್ ಇಎಫ್-ಎಸ್ 24 ಮಿಲಿಮೀಟರ್ ಎಫ್ 2.8 ಲೆನ್ಸ್ ತೂಗುವುದು 125 ಗ್ರಾಂ. ಫ್ಯೂಜಿಫಿಲ್ಮ್ ಎಕ್ಸ್ಎಫ್ 27 ಮಿಲಿಮೀಟರ್ ಎಫ್ 2.8 ಇನ್ನೂ ಹಗುರ, 100 ಗ್ರಾಂಗಿಂತಲೂ ಕಡಿಮೆ. ಎರಡೂ ಫುಲ್‌ಫ್ರೇಮ್ ಲೆಕ್ಕದಲ್ಲಿ ಸುಮಾರು 40 ಮಿಲಿಮೀಟರ್ ನೋಟ ಕೊಡುತ್ತವೆ, ಬೀದಿಗೂ ಊಟದ ಮೇಜಿಗೂ ಒಗ್ಗುತ್ತವೆ. ಎರಡನೆಯ ಲೆನ್ಸ್ ಸೇರಿಸುವ ಆಸೆಯಾದರೆ ತಡೆಯಿರಿ. ಲೆನ್ಸ್ ಬದಲಿಸುತ್ತಾ ನಿಲ್ಲುವಷ್ಟು ಸಮಯ ಇಂಥ ಪ್ರವಾಸದಲ್ಲಿ ಇರುವುದಿಲ್ಲ.

ಹೆಚ್ಚುವರಿ ಲಿಥಿಯಂ ಅಯಾನ್ ಬ್ಯಾಟರಿಗಳು ವಿಮಾನದಲ್ಲಿ ನಿಮ್ಮ ಕೈಚೀಲದಲ್ಲೇ ಇರಬೇಕು. ಸಾಮಾನು ಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿ ಅವನ್ನು ಇಡುವಂತಿಲ್ಲ. ಬಿಸಿಯೇರಿ ಬೆಂಕಿ ಹೊತ್ತಿದರೆ ಪ್ರಯಾಣಿಕರ ಭಾಗದಲ್ಲಿ ಸಿಬ್ಬಂದಿ ತಕ್ಷಣ ನಂದಿಸಬಲ್ಲರು ಎಂಬುದು ಇದರ ಹಿಂದಿನ ಕಾರಣ. ಪ್ರತಿ ಬ್ಯಾಟರಿಯ ಸಾಮರ್ಥ್ಯಕ್ಕಿರುವ 100 ವ್ಯಾಟ್ ಅವರ್ ಮಿತಿಯ ಬಗ್ಗೆ ಚಿಂತೆ ಬೇಡ, ಕ್ಯಾಮೆರಾ ಬ್ಯಾಟರಿಗಳು ಅದಕ್ಕಿಂತ ಬಹಳ ಚಿಕ್ಕವು. ಲೋಹದ ತುದಿಗಳು ನಾಣ್ಯ, ಬೀಗದ ಕೈಗಳಿಗೆ ತಗುಲದಂತೆ ಮುಚ್ಚಳ ಹಾಕಿಡಿ.

ಪ್ರಶ್ನೆ: ಡಿಜಿಟಲ್ ಬದಲು ನನ್ನ ಚಿಕ್ಕ ಫಿಲ್ಮ್ ಕ್ಯಾಮೆರಾ ಒಯ್ಯಬಹುದೇ?

ಉತ್ತರ: ಒಯ್ಯಬಹುದು, ಆದರೆ ವಿಮಾನ ನಿಲ್ದಾಣದ ತಪಾಸಣೆಗೆಂದು ಸಮಯ ಉಳಿಸಿಕೊಳ್ಳಿ. ಕೈಚೀಲಗಳ ಪರೀಕ್ಷೆಗೆ ಈಗ ಅನೇಕ ಕಡೆ ಬಂದಿರುವ ಸಿಟಿ ಸ್ಕ್ಯಾನರ್‌ಗಳು ಹಳೆಯ ಎಕ್ಸ್-ರೇ ಯಂತ್ರಗಳಿಗಿಂತ ತೀಕ್ಷ್ಣವಾಗಿದ್ದು, ತೊಳೆಯದ ಫಿಲ್ಮಿನ ಮೇಲೆ ಮಂಜು ಕವಿದಂತೆ ಮಾಡಬಲ್ಲವು. ರಾತ್ರಿಗೆಂದು ನೀವು ಒಯ್ಯುವ 800 ಅಥವಾ 1600 ಐಎಸ್ಒ ಫಿಲ್ಮಿಗೆ ಈ ಅಪಾಯ ಇನ್ನೂ ಹೆಚ್ಚು. ಫಿಲ್ಮ್ ಸುರುಳಿಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಕೈಯಿಂದ ಪರೀಕ್ಷಿಸುವಂತೆ ಸಿಬ್ಬಂದಿಯನ್ನು ಕೇಳಿಕೊಳ್ಳಿ. ಎಲ್ಲ ಕಡೆಯೂ ಒಪ್ಪುತ್ತಾರೆಂಬ ಭರವಸೆಯಿಲ್ಲ. ಕ್ಯಾಮೆರಾದೊಳಗೆ ಅರ್ಧ ಮುಗಿದ ಸುರುಳಿಯನ್ನು ಉಳಿಸಿಕೊಂಡು ತಪಾಸಣೆಗೆ ಹೋಗದಿರುವುದು ಒಳ್ಳೆಯದು.