ಅಡಿಕೆ ದುಡ್ಡನ್ನು ಕ್ಯಾನ್ಸರ್ ಮದ್ದಿನ ಶೇರಿಗೆ ಹಾಕಬಹುದೇ?

ಓದುಗರ ಹಣಕಾಸಿನ ಪ್ರಶ್ನೆಗಳಿಗೆ ಬದಿಯಡ್ಕದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ಪೆರ್ಲದ ಹತ್ತಿರ ನಮಗೆ ಎರಡೂವರೆ ಎಕರೆ ಅಡಿಕೆ ತೋಟ ಇದೆ. ಈ ಸಲ ಹಳೆ ಅಡಿಕೆ ಕೊಟ್ಟು ನಾಲ್ಕು ಲಕ್ಷ ಕೈಯಲ್ಲಿ ಉಳಿದಿದೆ. ತಂಗಿಯ ಮಗ ಬೆಂಗಳೂರಿನಲ್ಲಿದ್ದಾನೆ. ಅಮೆರಿಕದ ಒಂದು ಸಣ್ಣ ಬಯೋಟೆಕ್ ಕಂಪನಿಯ ಶೇರು ತಗೊಳ್ಳಿ ಮಾವ ಎಂದು ಹಟ ಹಿಡಿದಿದ್ದಾನೆ. ರಕ್ತದ ಕ್ಯಾನ್ಸರ್‌ಗೆ ಹೊಸ ಚಿಕಿತ್ಸೆಯಂತೆ. ಪರೀಕ್ಷೆಯಲ್ಲಿ ಹೆಚ್ಚಿನವರಿಗೆ ಗುಣ ಕಂಡಿದೆಯಂತೆ. ಆದರೂ ಫಲಿತಾಂಶ ಬಂದ ವಾರವೇ ಶೇರು ಬಿದ್ದಿದೆ. ತಗೊಳ್ಳುವುದಕ್ಕೆ ಇದೇ ಸಮಯ ಎಂದು ಅವನ ವಾದ. ಕಣ್ಣಿಗೆ ಕಾಣದ ಊರಿನ ಕಂಪನಿ ನಮಗ್ಯಾಕೆ ಎಂದು ಬಾವ. ಊಟಕ್ಕೆ ಕೂತರೆ ಇದೇ ಚರ್ಚೆ. ಮೂರು ವರ್ಷದ ಹಿಂದೆ ನಮ್ಮ ಅಮ್ಮ ಹೋದದ್ದು ಇದೇ ರೋಗದಿಂದ. ಯಾರ ಮಾತು ಸರಿ?
ಒಬ್ಬ ಓದುಗರು, ಪೆರ್ಲ

ಉತ್ತರ: ಅಮ್ಮನ ವಿಷಯವನ್ನು ನೀವು ಕೊನೆಗೆ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

2014ರಲ್ಲಿ ನಮ್ಮ ಯಜಮಾನರಿಗೆ ಲಿಂಫೋಮಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್, ಎಂದು ಗೊತ್ತಾಯಿತು. ಇಪ್ಪತ್ತೊಂದು ದಿನಕ್ಕೊಮ್ಮೆ ಮಂಗಳೂರಿಗೆ ಹೋಗಿ ಕೀಮೋ. ಮೂರನೇ ಸಲ ಹೋದಾಗ ಒಬ್ಬ ಪರಿಚಯದವರು ವಾರ್ಡಿಗೇ ಬಂದರು. ಕ್ಯಾನ್ಸರ್‌ಗೆ ಹೊಸ ಮದ್ದು ಮಾಡುವ ಕಂಪನಿಯೊಂದಿದೆ, ಇನ್ನೂ ಶೇರುಪೇಟೆಗೆ ಬಂದಿಲ್ಲ, ಈಗ ತಗೊಂಡರೆ ಕಮ್ಮಿಗೆ ಸಿಗುತ್ತದೆ ಎಂದರು. ಮಂಚಕ್ಕೆ ಅಡ್ಡ ಇಟ್ಟ ಊಟದ ಹಲಗೆಯ ಮೇಲೆ ಗಂಜಿತಿಳಿಯ ಲೋಟ ಇತ್ತು. ಯಜಮಾನರು ಎರಡು ಗುಟುಕು ಕುಡಿದು ಬಿಟ್ಟದ್ದು. ಅದನ್ನು ಬದಿಗೆ ಸರಿಸಿ ಅಲ್ಲೇ ಚೆಕ್ ಬರೆದೆ. ಎರಡು ಲಕ್ಷ. ಓದದೆ ಸಹಿ ಹಾಕಬೇಡಿ ಎಂದು ಇಪ್ಪತ್ತೆಂಟು ವರ್ಷ ಕೌಂಟರಿನ ಆಚೆ ನಿಂತವರಿಗೆ ಹೇಳಿದವಳು ನಾನು. ಆ ದಿನ ಶೇರು ಕೊಂಡ ಹಾಗೆ ನನಗೆ ಅನಿಸಲೇ ಇಲ್ಲ. ಅವರಿಗೆ ಮದ್ದು ಕೊಂಡ ಹಾಗೆ ಅನಿಸಿತ್ತು.

ಆ ಮದ್ದು ಬರಲೇ ಇಲ್ಲ. ಯಜಮಾನರು 2016ರ ಮಳೆಗಾಲದಲ್ಲಿ ತೀರಿಕೊಂಡರು. ದುಡ್ಡು ಹೋದದ್ದು ಗೊತ್ತಾಗಲು ಇನ್ನೂ ಎರಡು ವರ್ಷ ಹಿಡಿಯಿತು.

ಹಾಗಾಗಿ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಇದೇ ಕಂಪನಿ ಸಕ್ಕರೆ ಕಾಯಿಲೆಗೆ ಮದ್ದು ಮಾಡುತ್ತಿದ್ದರೂ ಅಡಿಕೆ ದುಡ್ಡು ಹಾಕುತ್ತಿದ್ದಿರಾ? ಇಲ್ಲ ಎಂದಾದರೆ ನಿಮ್ಮನ್ನು ಎಳೆಯುತ್ತಿರುವುದು ಅಮ್ಮನ ನೆನಪು. ಅದಕ್ಕೆ ಬೇರೆ ದಾರಿ ಇದೆ. ನಿಮ್ಮ ಕೈಲಾದಷ್ಟನ್ನು ಕ್ಯಾನ್ಸರ್ ಆಸ್ಪತ್ರೆಯ ಬಡ ರೋಗಿಗಳ ನಿಧಿಗೆ ಅಮ್ಮನ ಹೆಸರಲ್ಲಿ ಕೊಡಿ. ಅದು ಆ ತಿಂಗಳೇ ಯಾರದ್ದೋ ಮದ್ದಿಗೆ ಆಗುತ್ತದೆ. ಅದಾದ ಮೇಲೆ ಶೇರಿನ ಲೆಕ್ಕಕ್ಕೆ ಕೂರಿ.

ಈಗ ಅಳಿಯನ ಮಾತು. ಹುಡುಗ ಸುಮ್ನೆ ಹೇಳುತ್ತಿಲ್ಲ. ಅವನು ಹೇಳುವ ಚಿಕಿತ್ಸೆಗೆ ಕಾರ್-ಟಿ ಎನ್ನುತ್ತಾರೆ. ರೋಗಿಯ ರಕ್ತದಿಂದ, ರೋಗದ ವಿರುದ್ಧ ಹೋರಾಡುವ ಟಿ ಕಣಗಳನ್ನು ಬೇರ್ಪಡಿಸಿ, ಲ್ಯಾಬಿನಲ್ಲಿ ಅವಕ್ಕೆ ಹೊಸ ಜೀನ್ ಸೇರಿಸಿ, ಸಂಖ್ಯೆ ಹೆಚ್ಚಿಸಿ, ವಾಪಸ್ ಅದೇ ರೋಗಿಯ ಮೈಗೆ ಬಿಡುತ್ತಾರೆ. ಆ ಕಣಗಳು ಕ್ಯಾನ್ಸರ್ ಕಣವನ್ನು ಗುರುತು ಹಿಡಿದು ಕೊಲ್ಲುತ್ತವೆ. ಅಮೆರಿಕದಲ್ಲಿ ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿದ್ದು 2017ರ ಆಗಸ್ಟ್‌ನಲ್ಲಿ. ಅದೇ ವರ್ಷ ಗಿಲಿಯಡ್ ಎಂಬ ದೊಡ್ಡ ಕಂಪನಿ, ಕಾರ್-ಟಿ ಮಾಡುತ್ತಿದ್ದ ಕೈಟ್ ಎಂಬ ಕಂಪನಿಯನ್ನು 1,190 ಕೋಟಿ ಡಾಲರ್ ಕೊಟ್ಟು ಕೊಂಡಿತು. ಮೊದಲೇ ಕೈಟ್ ಶೇರು ತೆಗೆದಿಟ್ಟವರಿಗೆ ಒಳ್ಳೆ ಲಾಭ ಆಯಿತು. ಅಳಿಯನ ಕಣ್ಣ ಮುಂದೆ ಇರುವುದು ಈ ಕತೆ.

ಆದರೆ "ಹೆಚ್ಚಿನವರಿಗೆ ಗುಣ" ಎಂದನಲ್ಲ, ಅಲ್ಲಿ ಅವನನ್ನು ನಿಲ್ಲಿಸಿ. ಎಷ್ಟು ಮಂದಿಯಲ್ಲಿ ಎಷ್ಟು? ಗುಣ ಅಂದರೆ ಏನು? ಈ ಪರೀಕ್ಷೆಗಳಲ್ಲಿ ಮೊದಲು ಹೇಳುವ ಲೆಕ್ಕ ಗಡ್ಡೆ ಕುಗ್ಗಿದವರದ್ದು. ಕೈಟ್ ಕಂಪನಿಯ ಯೆಸ್ಕಾರ್ಟಾ ಎಂಬ ಕಾರ್-ಟಿಯ ಪರೀಕ್ಷೆಯಲ್ಲಿ 101 ಮಂದಿ ಇದ್ದರು. ನೂರಕ್ಕೆ 72 ಮಂದಿಗೆ ಕ್ಯಾನ್ಸರ್ ಕುಗ್ಗಿತು. ಪರೀಕ್ಷೆಯಲ್ಲಿ ಎಲ್ಲೂ ಕಾಣದಷ್ಟು ಹೋದದ್ದು ನೂರಕ್ಕೆ 51 ಮಂದಿಗೆ. ಹಾಗೆ ಹೋದದ್ದು ಎಲ್ಲರಿಗೂ ಹೋಗಿಯೇ ಉಳಿಯುವುದಿಲ್ಲ, ಕೆಲವರಿಗೆ ಮರಳಿ ಬರುತ್ತದೆ. ಮೂರನೇ ತಿಂಗಳ ಲೆಕ್ಕ ನೋಡಿ ಖುಷಿಪಟ್ಟವರು ಹದಿನೆಂಟನೇ ತಿಂಗಳ ಲೆಕ್ಕ ಬರುವ ತನಕ ಕಾಯಬೇಕಾಗುತ್ತದೆ. ಲಿಂಫೋಮಾ ಇರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸ್ಕ್ಯಾನ್ ರಿಪೋರ್ಟಿನ ಕವರ್ ಬಿಡಿಸುವಾಗ ಕೈ ಹೇಗಿರುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು.

ಇನ್ನೊಂದು ಪ್ರಶ್ನೆ, ಯಾವುದರ ಜೊತೆ ಹೋಲಿಸಿದರು ಎಂಬುದು. ನೀವು ತೋಟದವರು, ನಿಮಗೆ ಬೇಗ ಹೊಳೆಯುತ್ತದೆ. ಅಡಿಕೆಯ ಮಹಾಳಿಗೆ, ಅಂದರೆ ಕೊಳೆರೋಗಕ್ಕೆ, ಹೊಸ ಮದ್ದು ಬಂದಿದೆ, ನಮ್ಮ ತೋಟದಲ್ಲಿ ಬಿಟ್ಟೆವು, ಒಂದು ಕಾಯಿಯೂ ಉದುರಲಿಲ್ಲ ಎಂದು ಒಬ್ಬ ಹೇಳಿದ ಅಂತಿಟ್ಟುಕೊಳ್ಳಿ. ನೀವು ಏನು ಕೇಳುತ್ತೀರಿ? ಆ ವರ್ಷ ಮಳೆ ಎಷ್ಟಿತ್ತು? ಪಕ್ಕದ ಸಾಲಿಗೆ ಮಾಮೂಲು ಮೈಲುತುತ್ತು ಸುಣ್ಣದ ಬೋರ್ಡೋ ಬಿಟ್ಟು ನೋಡಿದೆಯಾ? ಅಲ್ಲಿ ಎಷ್ಟು ಉದುರಿತು? ಅದೇ ಮಳೆ, ಅದೇ ತೋಟ, ಎರಡು ಮದ್ದು. ಆಗ ಮಾತ್ರ ಅವನ ಮಾತಿಗೆ ಬೆಲೆ, ಅಲ್ವಾ? ಕ್ಯಾನ್ಸರ್ ಮದ್ದಿಗೂ ಅಷ್ಟೇ. ಮೊದಲ ಕಾರ್-ಟಿಗಳಿಗೆ ಇಂಥ ಜೋಡಿ ಗುಂಪು ಇಲ್ಲದೆಯೂ ಒಪ್ಪಿಗೆ ಸಿಕ್ಕಿತ್ತು, ಏಕೆಂದರೆ ಆ ರೋಗಿಗಳಿಗೆ ಬೇರೆ ದಾರಿ ಹೆಚ್ಚೇನೂ ಉಳಿದಿರಲಿಲ್ಲ. ಈಗ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕಾರ್-ಟಿಗಳೇ ಅರ್ಧ ಡಜನ್‌ಗಿಂತ ಜಾಸ್ತಿ ಇವೆ. ಹೊಸಬರು ಬಂದರೆ, ಇರುವುದಕ್ಕಿಂತ ನಿಮ್ಮದು ಯಾಕೆ ಮೇಲು ಎಂದು ಡಾಕ್ಟರುಗಳೂ ಕೇಳುತ್ತಾರೆ, ಇನ್ಶೂರೆನ್ಸ್‌ನವರೂ ಕೇಳುತ್ತಾರೆ.

ಒಳ್ಳೆ ಫಲಿತಾಂಶ ಬಂದೂ ಶೇರು ಬಿತ್ತು ಎಂಬುದು ನಿಮಗೆ ಗೊಂದಲ ತಂದಿದೆ. ಇದು ಈ ವ್ಯಾಪಾರದಲ್ಲಿ ಆಗಾಗ ನಡೆಯುವುದೇ. ಸಣ್ಣ ಬಯೋಟೆಕ್‌ಗೆ ಮಾರಲು ಮದ್ದು ಇಲ್ಲ, ಆದಾಯ ಇಲ್ಲ. ಕೈಯಲ್ಲಿರುವ ನಗದು ಕರಗುತ್ತಾ ಹೋಗುತ್ತದೆ. ಉದಾಹರಣೆಗೆ 12 ಕೋಟಿ ಡಾಲರ್ ಇದೆ, ಮೂರು ತಿಂಗಳಿಗೆ 3 ಕೋಟಿ ಖರ್ಚು ಎಂದರೆ ಒಂದೇ ವರ್ಷಕ್ಕೆ ಸಾಕು. ದೊಡ್ಡ ಪರೀಕ್ಷೆ ಮುಗಿಯಲು ಮೂರು ವರ್ಷ ಬೇಕು. ಆಗ ಏನು ಮಾಡುತ್ತಾರೆ? ಒಳ್ಳೆ ಸುದ್ದಿ ಬಂದ ಕೂಡಲೇ ಹೊಸ ಶೇರು ಹೊರಡಿಸಿ ದುಡ್ಡು ಎತ್ತುತ್ತಾರೆ. ತೋಟ ಅಷ್ಟೇ ಇದೆ, ಪಾಲುದಾರರು ಜಾಸ್ತಿಯಾದರು. ನಿಮ್ಮ ಪಾಲಿಗೆ ಬರುವ ಮರ ಕಮ್ಮಿಯಾಯಿತು. ಅಮೆರಿಕದ ಕಂಪನಿಗಳು ಮೂರು ತಿಂಗಳಿಗೊಮ್ಮೆ ಅಲ್ಲಿನ ಶೇರುಪೇಟೆ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿಗೆ ಲೆಕ್ಕ ಕೊಡಬೇಕು, ಅದನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಕೈಯಲ್ಲಿ ನಗದು ಎಷ್ಟು, ಖರ್ಚು ಎಷ್ಟು ಎಂಬ ಎರಡು ಅಂಕಿಗಳನ್ನು ಅಳಿಯ ಕಾಗದದಲ್ಲಿ ಬರೆದು ನಿಮ್ಮ ಮುಂದೆ ಇಡಲಿ. ಇಡಲಾಗದಿದ್ದರೆ ಮಾತು ಅಲ್ಲಿಗೇ ಬಿಡಿ.

ಮದ್ದು ಗೆದ್ದರೆ ಶೇರು ಗೆಲ್ಲುತ್ತದೆ ಎಂದು ನಾನೂ ನಂಬಿದ್ದೆ. ಯಜಮಾನರು ಹೋದ ಮೇಲೆ ಹಟ ಹಿಡಿದು ಓದತೊಡಗಿದೆ. ಎರಡು ಕಂಪನಿಗಳ ಕತೆ ನನ್ನ ಮನಸ್ಸಲ್ಲಿ ಕೂತಿದೆ.

ಒಂದು ಇಮ್‌ಕ್ಲೋನ್. ಕರುಳಿನ ಕ್ಯಾನ್ಸರ್‌ಗೆ ಎರ್ಬಿಟಕ್ಸ್ ಎಂಬ ಮದ್ದು ಮಾಡಿತ್ತು. 2001ರಲ್ಲಿ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಒಂದು ಶೇರಿಗೆ 70 ಡಾಲರ್ ಕೊಟ್ಟು ಅದರಲ್ಲಿ ಪಾಲು ತೆಗೆದುಕೊಂಡಿತು. ಅದೇ ಡಿಸೆಂಬರ್ 28ರಂದು ಅಮೆರಿಕದಲ್ಲಿ ಮದ್ದಿಗೆ ಒಪ್ಪಿಗೆ ಕೊಡುವ ಸಂಸ್ಥೆಯಾದ ಎಫ್‌ಡಿಎ, ಪರೀಕ್ಷೆ ನಡೆಸಿದ ರೀತಿ ಸಾಲದು ಎಂದು ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಶೇರು ಕುಸಿಯಿತು. ಸುದ್ದಿ ಮೊದಲೇ ತಿಳಿದ ಸ್ಥಾಪಕ ಸ್ಯಾಮ್ ವಾಕ್ಸಲ್ ತನ್ನ ಮನೆಯವರಿಗೆ ಸುಳಿವು ಕೊಟ್ಟು ಜೈಲಿಗೆ ಹೋದ. ಮದ್ದು ಕೆಟ್ಟದ್ದಾಗಿತ್ತೇ? ಇಲ್ಲ. 2004ರಲ್ಲಿ ಅದಕ್ಕೇ ಒಪ್ಪಿಗೆ ಸಿಕ್ಕಿತು, ಇವತ್ತಿಗೂ ರೋಗಿಗಳಿಗೆ ಕೊಡುತ್ತಾರೆ. 2008ರಲ್ಲಿ ಇಲೈ ಲಿಲ್ಲಿ ಇಡೀ ಕಂಪನಿಯನ್ನು ಕೊಂಡಿತು. ಶೇರಿಗೆ ಎಷ್ಟು? ಅದೇ 70 ಡಾಲರ್. ಏಳು ವರ್ಷ ಕಾದು ಕೊಟ್ಟದ್ದೇ ವಾಪಸ್. ನಡುವೆ ಹೆದರಿ ಕೈಬಿಟ್ಟವರಿಗೆ ಅದೂ ಇಲ್ಲ.

ಇನ್ನೊಂದು ಡೆಂಡ್ರಿಯಾನ್. ನಿಮ್ಮ ಅಳಿಯ ಹೇಳುವುದಕ್ಕೆ ಇದು ತುಂಬ ಹತ್ತಿರ. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೋಗಿಯದೇ ರಕ್ತಕಣ ತೆಗೆದು, ತಯಾರು ಮಾಡಿ, ವಾಪಸ್ ಕೊಡುವ ಪ್ರೊವೆಂಜ್ ಎಂಬ ಚಿಕಿತ್ಸೆ. ಎಷ್ಟೋ ವರ್ಷ ಹೂಡಿಕೆದಾರರು ಎರಡು ಪಂಗಡವಾಗಿ ಜಗಳವಾಡಿದರು. ಕೊನೆಗೆ ನಂಬಿದವರೇ ಗೆದ್ದರು ಅನ್ನಬಹುದು. 2010ರ ಏಪ್ರಿಲ್‌ನಲ್ಲಿ ಒಪ್ಪಿಗೆ ಬಂತು. ಆಯಸ್ಸು ಸರಾಸರಿ ನಾಲ್ಕು ತಿಂಗಳು ಹೆಚ್ಚುತ್ತಿತ್ತು, ಬೆಲೆ 93,000 ಡಾಲರ್. ಆದರೆ ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ತಯಾರಿಸುವ ಖರ್ಚು ಭಾರಿ, ಸಾಲ ಜಾಸ್ತಿ, ಅಷ್ಟರಲ್ಲಿ ನುಂಗುವ ಮಾತ್ರೆಗಳು ಮಾರುಕಟ್ಟೆಗೆ ಬಂದವು. 2014ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮದ್ದು ಉಳಿಯಿತು, ಕಂಪನಿ ಕೈ ಬದಲಾಯಿತು. ಶೇರುದಾರರು ಮುಳುಗಿದರು.

ಇವೆರಡೂ ಕೊನೆಗೆ ಒಪ್ಪಿಗೆ ಪಡೆದ ಮದ್ದುಗಳು ಎಂಬುದು ನೆನಪಿರಲಿ. 2011ರಿಂದ 2020ರವರೆಗಿನ ಲೆಕ್ಕ ನೋಡಿದರೆ ಮನುಷ್ಯರ ಮೇಲೆ ಪರೀಕ್ಷೆ ಶುರುವಾದ ನೂರು ಕ್ಯಾನ್ಸರ್ ಮದ್ದುಗಳಲ್ಲಿ ಒಪ್ಪಿಗೆಯವರೆಗೆ ಮುಟ್ಟಿದ್ದು ಸುಮಾರು ಐದು.

ನನ್ನ ಸಲಹೆ ಹೀಗೆ. ನಾಲ್ಕು ಲಕ್ಷದಲ್ಲಿ ಮೊದಲು ಮಳೆಗಾಲದ ಮದ್ದು ಬಿಡುವ ಖರ್ಚು, ಗೊಬ್ಬರ, ಆಳಿನ ಸಂಬಳ ತೆಗೆದಿಡಿ. ಆರು ತಿಂಗಳ ಮನೆ ಖರ್ಚು ಡೆಪಾಸಿಟ್‌ನಲ್ಲಿರಲಿ, ಬಾವನ ಮಾತು ಅಲ್ಲಿಗೆ ಸರಿ. ಉಳಿದದ್ದರಲ್ಲೂ ಈ ಶೇರಿಗೆ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಬೇಡ. ಪೂರ್ತಿ ಹೋದರೂ ಮನೆಯಲ್ಲಿ ಯಾರ ಮುಖವೂ ಬಾಡದಷ್ಟು ಮಾತ್ರ. ಹಾಕಿದ್ದೇ ಆದರೆ ಆದಾಯ ತೆರಿಗೆ ರಿಟರ್ನ್‌ನ ಶೆಡ್ಯೂಲ್ ಎಫ್‌ಎಯಲ್ಲಿ ಆ ವಿದೇಶಿ ಶೇರನ್ನು ತೋರಿಸಬೇಕು, ಲಾಭ ಬಾರದಿದ್ದರೂ. ಇದನ್ನು ಅಳಿಯಂದಿರು ಯಾರೂ ಹೇಳುವುದಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲೇ ಕಾರ್-ಟಿ ಬಂದಿದೆಯಲ್ಲ ಮೇಡಂ, ಅದರ ಶೇರು ಸಿಗುತ್ತದೆಯೇ?
ಒಬ್ಬ ಶಿಕ್ಷಕಿ, ಮಂಜೇಶ್ವರ

ಉತ್ತರ: ಬಂದಿದೆ, ಮತ್ತು ಅದನ್ನು ಬರೆಯುವಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19. 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬಿಡುಗಡೆ ಮಾಡಿದರು. ಲೆಕ್ಕಕ್ಕೆ ಸಿಕ್ಕ ರೋಗಿಗಳಲ್ಲಿ ನೂರಕ್ಕೆ ಸುಮಾರು 73 ಮಂದಿಗೆ ಕ್ಯಾನ್ಸರ್ ಕುಗ್ಗಿತೆಂದು 2025ರಲ್ಲಿ ವರದಿ ಬಂತು. ಅಮೆರಿಕದ ಮೊದಲ ಕಾರ್-ಟಿಯ ಬೆಲೆ 4,75,000 ಡಾಲರ್ ಇತ್ತು. ಇದು ಬಿಡುಗಡೆಯಾದಾಗ 40 ಲಕ್ಷ ರೂಪಾಯಿ ಆಸುಪಾಸು ಇತ್ತು. ಅದೂ ನಮ್ಮ ಕಡೆಯ ಮನೆಗಳಿಗೆ ತೋಟ ಮಾರುವ ಮಾತೇ, ಆದರೆ ಹಿಂದೆ ಆ ಮಾತನ್ನೂ ಆಡುವ ಹಾಗಿರಲಿಲ್ಲ.

ಅದನ್ನು ಮಾಡುವ ಇಮ್ಯುನೋಆ್ಯಕ್ಟ್ ಶೇರುಪೇಟೆಯಲ್ಲಿಲ್ಲ. ಹೈದರಾಬಾದಿನ ಲಾರಸ್ ಲ್ಯಾಬ್ಸ್‌ಗೆ ಅದರಲ್ಲಿ ಪಾಲಿದೆ, ಲಾರಸ್ ಶೇರು ಪೇಟೆಯಲ್ಲಿ ಸಿಗುತ್ತದೆ. ಆದರೆ ಲಾರಸ್‌ನ ಮುಖ್ಯ ವ್ಯಾಪಾರವೇ ಬೇರೆ, ಎಚ್‌ಐವಿ ಮದ್ದು ಮೊದಲಾದವು. ಕಾರ್-ಟಿಗೆಂದು ಅದನ್ನು ಕೊಂಡರೆ ಒಂದು ಹಲಸಿನ ತೊಳೆಗೆ ಇಡೀ ಹಲಸು ಹೊತ್ತು ತಂದ ಹಾಗೆ. 2025ರ ಜನವರಿಯಲ್ಲಿ ಕಾರ್ಟೆಮಿ ಎಂಬ ಕಾರ್-ಟಿ ತಂದ ಬೆಂಗಳೂರಿನ ಇಮ್ಯುನೀಲ್ ಕೂಡ ಪೇಟೆಯಲ್ಲಿಲ್ಲ. ಪೇಟೆಗೆ ಬರುವ ಮೊದಲೇ ಶೇರು ಕೊಡಿಸುತ್ತೇವೆ ಎಂದು ಯಾರಾದರೂ ಬಂದರೆ, ಮೇಲೆ ನನ್ನ ಚೆಕ್ಕಿನ ಕತೆ ಇನ್ನೊಮ್ಮೆ ಓದಿ.

ಇನ್ನೊಂದು ಯೋಚನೆ ನನ್ನನ್ನು ಕಾಡುತ್ತದೆ. ಬೆಲೆ ಇನ್ನೂ ಇಳಿಯಲಿ, ಕಾಸರಗೋಡಿನ ಕೂಲಿಯವರ ಮಗುವಿಗೂ ಸಿಗಲಿ ಎಂಬುದು ನನ್ನ ಆಸೆ. ಬೆಲೆ ಇಳಿದಷ್ಟೂ ಶೇರುದಾರನಿಗೆ ಲಾಭ ಕಮ್ಮಿ. ನನ್ನನ್ನು ಕೇಳಿದರೆ, ಇಳಿಯಲಿ.

ಪ್ರಶ್ನೆ: ಒಂದು ವಾಟ್ಸಾಪ್ ಗುಂಪಿನವರು ಕ್ಯಾನ್ಸರ್ ಮದ್ದಿನ ಕಂಪನಿಯ "ಒಳಗಿನ ಸುದ್ದಿ" ಇದೆ ಎಂದು ಐದು ಸಾವಿರ ಫೀಸು ಕೇಳುತ್ತಿದ್ದಾರೆ. ಕೊಡಬಹುದೇ?
ಒಬ್ಬ ಓದುಗರು, ಮುಳ್ಳೇರಿಯ

ಉತ್ತರ: ಬೇಡ. ಸಲಹೆಗೆ ಫೀಸು ಕೇಳುವವರಿಗೆ ನಮ್ಮ ಶೇರುಪೇಟೆ ನಿಯಂತ್ರಕ ಸೆಬಿಯ ನೋಂದಣಿ ಸಂಖ್ಯೆ ಇರಬೇಕು. ಹೂಡಿಕೆ ಸಲಹೆಗಾರರಾದರೆ ಐಎನ್‌ಎ, ರಿಸರ್ಚ್ ಅನಲಿಸ್ಟ್ ಆದರೆ ಐಎನ್‌ಎಚ್ ಎಂದು ಶುರುವಾಗುತ್ತದೆ. ಸೆಬಿಯ ವೆಬ್‌ಸೈಟಿನಲ್ಲಿ ಅದನ್ನು ನೀವೇ ಹುಡುಕಿ ನೋಡಿ, ಅವರು ಕಳಿಸಿದ ಫೋಟೋ ನಂಬಬೇಡಿ. ಇನ್ನು ನಿಜವಾದ ಒಳಗಿನ ಸುದ್ದಿ ಹಿಡಿದು ಶೇರು ಕೊಂಡರೂ ಮಾರಿದರೂ ಅದು ಅಪರಾಧ. ವಾಕ್ಸಲ್ ಜೈಲಿಗೆ ಹೋದದ್ದು ಇಂಥದ್ದಕ್ಕೇ. ಆಗಲೇ ದುಡ್ಡು ಕಳಿಸಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ನಾಳೆ ಬೆಳಗ್ಗೆ ನೋಡೋಣ ಎಂದು ಕೂರಬೇಡಿ.